ಟೇಪಿನ ವಾಲಿ, ಕಾರ್ಡಿನ ವಾಲಿ: ಕಾಸರಗೋಡಿನ ತಾಳಮದ್ದಳೆ ವಿಡಿಯೋಗಳನ್ನು ಓದುವ ಬಗೆ

(ಗಡಿನಾಡ ಕನ್ನಡದ ದಾಖಲೀಕರಣ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಪುನರುಕ್ತಿಗಳನ್ನು ತೆಗೆದು, ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಪ್ರಶ್ನೋತ್ತರದ ಮುಖ್ಯ ಭಾಗವಿದೆ.)

ಧ್ವನಿ ಕೇಳಿಸ್ತಾ ಉಂಟಲ್ಲ? ಸರಿ. ಇಲ್ಲಿ ಹೊರಗೆ ಮಳೆ ಜೋರಾಗಿದೆ. ಕರೆಂಟು ಹೋದರೆ ನಾನು ನಡುವೆಯೇ ಕಾಣೆಯಾಗಬಹುದು, ಮತ್ತೆ ಬಂದು ಸೇರಿಕೊಳ್ಳುತ್ತೇನೆ.

ನನಗಿಂತ ಮೊದಲು ಮಾತಾಡಿದವರು ಅಕ್ಕಲಕೋಟೆ, ಜತ್ತ ಕಡೆಯ ಡೊಳ್ಳಿನ ಪದಗಳ ಬಗ್ಗೆ ಹೇಳುವಾಗ ಒಂದು ಮಾತು ಹೇಳಿದರು: ಹಾಡಿದ ಹಿರಿಯರು ಹೋದರು, ಆದರೆ ವಿಡಿಯೋ ಇದೆಯಲ್ಲ, ಅದೇ ಸಮಾಧಾನ ಎಂದು. ಈ ‘ವಿಡಿಯೋ ಇದೆಯಲ್ಲ’ ಎಂಬ ಮಾತನ್ನೇ ಇವತ್ತು ಸ್ವಲ್ಪ ಬಿಡಿಸಿ ನೋಡೋಣ ಎಂದು ನನ್ನ ಉದ್ದೇಶ. ವಿಡಿಯೋ ಇದೆ ಎಂದರೆ ಯಾವುದರ ಮೇಲೆ ಇದೆ? ಟೇಪಿನ ಮೇಲೋ, ಮೆಮೊರಿ ಕಾರ್ಡಿನಿಂದ ಇಳಿಸಿದ ಕಡತವೋ? ಇದು ಸ್ಟುಡಿಯೋದವರ ಪ್ರಶ್ನೆ, ನಮಗೆ ಯಾಕೆ ಎಂದು ನೀವು ಕೇಳಬಹುದು. ನಾನೂ ಬಹಳ ಕಾಲ ಹಾಗೆಯೇ ತಿಳಿದುಕೊಂಡಿದ್ದೆ. ಒಂದು ನಷ್ಟ ಆದ ಮೇಲೆ ಬುದ್ಧಿ ಬಂತು. ಆ ಕಥೆ ಆಮೇಲೆ ಹೇಳುತ್ತೇನೆ.

1. ಅರ್ಥ ಎಂಬ ಪಠ್ಯ

ಮೊದಲು, ಕಾಸರಗೋಡಿನವರಿಗೆ ಈ ಪ್ರಶ್ನೆ ಯಾಕೆ ಮುಖ್ಯ ಎಂಬುದು. ನಮ್ಮದು ತೆಂಕುತಿಟ್ಟು ಯಕ್ಷಗಾನದ ತವರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳು ಇಂದಿಗೂ ಇಲ್ಲಿ ನಡೆಯುತ್ತವೆ. ಪ್ರಸಂಗ ಎಂದರೆ ಪದ್ಯಗಳು. ಅವು ಅಚ್ಚಾಗಿವೆ, ಪುಸ್ತಕದ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಅರ್ಥಧಾರಿ ಆಡುವ ಮಾತು ಉಂಟಲ್ಲ, ಅದು ಎಲ್ಲಿಯೂ ಬರೆದಿಟ್ಟದ್ದಲ್ಲ. ಅವತ್ತು, ಆ ಸಭೆಯಲ್ಲಿ, ಎದುರಿನವರ ಮಾತಿಗೆ ತಕ್ಕ ಹಾಗೆ ಹುಟ್ಟುವ ಮಾತು ಅದು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಿಮ್ಮೇಳ ಮತ್ತು ಮಾತು, ಅಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಕಟ್ಟಿದ್ದು ಈ ಮಾತಿನ ಮನೆಯನ್ನೇ.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ನಮ್ಮ ಕಚೇರಿಯ ಭಾಷೆ ಬೇರೆಯಾಯಿತು. ಶಾಲೆಯಲ್ಲಿ ಕನ್ನಡ ಉಳಿಯಿತು, ಆದರೆ ಸಾರ್ವಜನಿಕವಾಗಿ ಗಂಟೆಗಟ್ಟಲೆ, ಧರ್ಮ–ನ್ಯಾಯ–ರಾಜನೀತಿಗಳ ಬಗ್ಗೆ ಕನ್ನಡದಲ್ಲಿ ವಾದ ಮಾಡುವ ಜಾಗ ಎಂದರೆ ದೇವಸ್ಥಾನದ ಅಂಗಣದಲ್ಲಿ ನಡೆಯುವ ತಾಳಮದ್ದಳೆ. ತುಳು ಮನೆಮಾತಿನವರು, ಹವ್ಯಕರು, ಮರಾಠಿ, ಕೊಂಕಣಿ ಮಾತಾಡುವವರು, ಮಲಯಾಳವನ್ನೇ ಹೆಚ್ಚು ಆಡುವವರು, ಎಲ್ಲರೂ ಅಲ್ಲಿ ಕನ್ನಡದಲ್ಲಿ ವಾದಿಸುತ್ತಾರೆ. ಹಾಗಾಗಿ ಅರ್ಥದ ದಾಖಲೆ ಕಲೆಯ ದಾಖಲೆ ಮಾತ್ರ ಅಲ್ಲ, ಗಡಿನಾಡಿನ ಕನ್ನಡ ಹೇಗೆ ಯೋಚಿಸುತ್ತಿತ್ತು ಎಂಬುದರ ದಾಖಲೆ. ಈ ಪಠ್ಯಕ್ಕೆ ಹಸ್ತಪ್ರತಿ ಇಲ್ಲ. ಆಡಿಯೋ ಕ್ಯಾಸೆಟ್ಟು, ವಿಡಿಯೋ, ಇವೇ ಅದರ ಹಸ್ತಪ್ರತಿ. ಹಸ್ತಪ್ರತಿ ಓದುವವರು ಇದು ಓಲೆಯೋ ಕಾಗದವೋ, ಲಿಪಿಕಾರ ಎಲ್ಲಿ ಬಿಟ್ಟಿದ್ದಾನೆ ಎಂದು ನೋಡುವುದಿಲ್ಲವೇ? ವಿಡಿಯೋ ಮಟ್ಟಿಗೆ ನಾವು ಅದನ್ನು ಮಾಡಿಯೇ ಇಲ್ಲ.

2. ಟೇಪು ಕೊಟ್ಟದ್ದು, ಟೇಪು ಕತ್ತರಿಸಿದ್ದು

ಡಿಜಿಟಲ್ ವಿಡಿಯೋ ಟೇಪು, ಅಂದರೆ ನಾವು ಮಿನಿ ಡಿವಿ ಎಂದು ಕರೆಯುವ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಸೆಟ್ಟು, ಕ್ಯಾಮೆರಾಗಳಲ್ಲಿ ಬಂದದ್ದು 1995ರಲ್ಲಿ. ನಮ್ಮ ಕಡೆಯ ಸ್ಟುಡಿಯೋಗಳಿಗೆ ಅದು ತಲುಪುವಾಗ ಇನ್ನೂ ಕೆಲವು ವರ್ಷ ಆಯಿತು. ಒಳಗಿನ ಪಟ್ಟಿ 6.35 ಮಿಲಿಮೀಟರ್ ಅಗಲ. ಸಾಮಾನ್ಯ ವೇಗದಲ್ಲಿ ಒಂದು ಕ್ಯಾಸೆಟ್ಟಿಗೆ 60 ನಿಮಿಷ. ಚಿತ್ರದ ಮಾಹಿತಿ ಸೆಕೆಂಡಿಗೆ 25 ಮೆಗಾಬಿಟ್. ಧ್ವನಿ ಎಲ್ಲ ಸೇರಿಸಿ ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ.

ಇಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಈ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಹಿಂದಿನ ಚಿತ್ರವನ್ನು ನೆಚ್ಚಿಕೊಂಡು ಮುಂದಿನದನ್ನು ಕಟ್ಟುವ ಕ್ರಮ ಇದರಲ್ಲಿಲ್ಲ. ಹಾಗಾಗಿ ಟೇಪಿನ ಒಂದು ಕಡೆ ಹಾಳಾದರೆ ಅಲ್ಲಿ ಚೌಕ ಚೌಕ ಕಾಣುತ್ತದೆ, ಮುಂದಿನ ಚಿತ್ರದಲ್ಲಿ ಸರಿಹೋಗುತ್ತದೆ. ಎರಡು, ಧ್ವನಿ. 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತೆಗೆದರೆ ಯಾವ ಒತ್ತಡಕ್ಕೂ ಒಳಗಾಗದ ಧ್ವನಿ ಸಿಗುತ್ತದೆ. ಮನೆಬಳಕೆಯ ಹಲವು ಕ್ಯಾಮೆರಾಗಳು 12 ಬಿಟ್, 32 ಕಿಲೋಹರ್ಟ್ಸ್‌ಗೆ ಹೊಂದಿಸಿಯೇ ಬರುತ್ತಿದ್ದವು, ಯಾರೂ ಬದಲಾಯಿಸುತ್ತಿರಲಿಲ್ಲ. ಮಾತಿಗೆ ಅದೂ ಸಾಕು. ಆದರೆ ಚೆಂಡೆಯ ಹೊಡೆತದ ಚೂಪು ಕಡಿಮೆಯಾಗುತ್ತದೆ.

ಇನ್ನು ದೋಷಗಳು. ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆಯ ಕಾಲ. ಅಂದರೆ ಮಳೆಗಾಲ. ಮಳೆಯಲ್ಲಿ ನೆನೆದು ಬಂದು, ಜನ ತುಂಬಿದ ಬಿಸಿ ಚಪ್ಪರದೊಳಗೆ ಕ್ಯಾಮೆರಾ ತೆರೆದರೆ ಒಳಗಿನ ತಿರುಗುವ ಉರುಳೆಯ ಮೇಲೆ ನೀರಾವಿ ಕೂರುತ್ತದೆ. ಟೇಪು ಅಂಟಿಕೊಳ್ಳಬಾರದೆಂದು ಕ್ಯಾಮೆರಾ ತೇವದ ಸೂಚನೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಒಂದು ಗಂಟೆ ಕಾಯಬೇಕು. ಪೀಠಿಕೆಯ ಅರ್ಥವೆಲ್ಲ ಆ ಒಂದು ಗಂಟೆಯಲ್ಲಿ ಹೋಯಿತು! ನಮ್ಮ ಹಲವು ಟೇಪುಗಳು ಪ್ರಸಂಗದ ನಡುವಿನಿಂದಲೇ ಶುರುವಾಗುವುದಕ್ಕೆ ಇದೊಂದು ಕಾರಣ. ಮತ್ತೆ, ಕ್ಯಾಮೆರಾದ ಮೇಲಿನ ಮೈಕಿನಲ್ಲಿ ತೆಗೆದದ್ದಾದರೆ ಟೇಪು ಓಡಿಸುವ ಮೋಟರಿನ ಗುಂಯ್ ಎನ್ನುವ ಸದ್ದು ಉದ್ದಕ್ಕೂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 60 ನಿಮಿಷದ ಕತ್ತರಿ. ನಾನು ನೋಡಿದ ಟೇಪುಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಕ್ಯಾಸೆಟ್ಟು ಬದಲಾಯಿಸಿದ ಜಾಗ ಹೆಚ್ಚಾಗಿ ಪದ್ಯದ ನಡುವೆ ಬರುತ್ತದೆ. ಯಾಕೆ? ಹಳೆಯ ಕ್ಯಾಮೆರಾದವರೊಬ್ಬರನ್ನು ಕೇಳಿದೆ. ಅವರು ನಕ್ಕು ಹೇಳಿದರು, “ಪದ ಹೇಗೂ ಪುಸ್ತಕದಲ್ಲಿ ಉಂಟಲ್ಲ ಮಾಷ್ಟ್ರೇ, ಮಾತು ಎಲ್ಲಿಂದ ತರುವುದು?” ಟೇಪು ಮುಗಿಯಲು ಐದು ನಿಮಿಷ ಇರುವಾಗಲೇ ಅವರು ಕಾಯುತ್ತಿದ್ದರಂತೆ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡ ಕೂಡಲೇ ಬದಲಾಯಿಸುವುದಕ್ಕೆ. ನಾವು ವಿಶ್ವವಿದ್ಯಾಲಯದಲ್ಲಿ ಕೂತು ಅರ್ಥವೂ ಪಠ್ಯ ಎಂದು ಸಿದ್ಧಾಂತ ಬರೆಯುವ ಮೊದಲೇ ಆ ಮನುಷ್ಯ ಅದನ್ನು ಮಾಡಿ ತೋರಿಸಿದ್ದರು. ಆದರೆ ಅದರ ಇನ್ನೊಂದು ಮುಖ ನೋಡಿ. ಈ ಟೇಪುಗಳನ್ನು ಇಟ್ಟುಕೊಂಡು ಭಾಗವತಿಕೆಯ ಶೈಲಿಯ ಬಗ್ಗೆ ಬರೆದರೆ ತಪ್ಪುತ್ತೇವೆ. ಅಲ್ಲಿ ಕೊರತೆ ಬಿದ್ದಿರುವುದು ಹಾಡಿನಲ್ಲಿಯೇ.

ಟೇಪಿಗೆ ಪ್ರತಿ ಗಂಟೆಗೂ ದುಡ್ಡು ಬೇಕು. ಹಾಗಾಗಿ ಏನನ್ನು ತೆಗೆಯಬೇಕು ಎಂದು ಮೊದಲೇ ತೀರ್ಮಾನವಾಗುತ್ತಿತ್ತು. ಇಡೀ ರಾತ್ರಿಯ ಆಟಕ್ಕೆ ಎಂಟು ಕ್ಯಾಸೆಟ್ಟು ಬೇಕಾದಲ್ಲಿ ಹರಕೆಯ ಮನೆಯವರು ಮೂರು ತರುತ್ತಿದ್ದರು. ದೇವಿ ಮಹಾತ್ಮೆಯಾದರೆ ದೊಂದಿ ಬೆಳಕಿನಲ್ಲಿ, ರಾಳದ ಬೆಂಕಿ ಏಳುವಾಗ ಬರುವ ಮಹಿಷಾಸುರ ಇರಲೇಬೇಕು. ಪೂರ್ವರಂಗದ ಕೋಡಂಗಿ, ಬಾಲಗೋಪಾಲರಿಗೆ ಟೇಪಿಲ್ಲ. ಇನ್ನು ಕೆಲವರು ಉಳಿತಾಯಕ್ಕೆಂದು ಎಲ್‌ಪಿ ಎಂಬ ನಿಧಾನ ವೇಗದಲ್ಲಿ ಒಂದೇ ಕ್ಯಾಸೆಟ್ಟಿನಲ್ಲಿ 90 ನಿಮಿಷ ತೆಗೆದರು. ಆ ವೇಗದಲ್ಲಿ ಟೇಪಿನ ಮೇಲಿನ ಗೆರೆಗಳು 10 ಮೈಕ್ರಾನಿನಿಂದ ಸುಮಾರು 6.7 ಮೈಕ್ರಾನಿಗೆ ಸಪೂರವಾಗುತ್ತವೆ. ತೆಗೆದ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದು ಬೇರೆ ಕ್ಯಾಮೆರಾದಲ್ಲಿ ಒಡೆದು ಒಡೆದು ಬರುತ್ತದೆ. ತೆಗೆದ ಕ್ಯಾಮೆರಾ ಈಗ ಗುಜರಿಯಲ್ಲಿ. ಆಗ ಉಳಿಸಿದ ಅರ್ಧ ಗಂಟೆಗೆ ಈಗ ತೊಂಬತ್ತು ನಿಮಿಷವನ್ನೂ ದಂಡ ತೆರುತ್ತಿದ್ದೇವೆ.

3. ಕಾರ್ಡು ಬಂದ ಮೇಲೆ

ಫ್ಲ್ಯಾಶ್ ಮೆಮೊರಿ 1980ರ ದಶಕದಲ್ಲಿ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುಓಕಾ ಅವರ ಶೋಧ. ಅದು ವಿಡಿಯೋ ಕ್ಯಾಮೆರಾಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 2004ರಲ್ಲಿ ಪ್ಯಾನಾಸೋನಿಕ್‌ನವರು ಟಿವಿ ಸುದ್ದಿಯವರಿಗಾಗಿ ಪಿ2 ಕಾರ್ಡು ತಂದಾಗ 4 ಜಿಬಿಯ ಒಂದು ಕಾರ್ಡಿನಲ್ಲಿ ಡಿವಿ ಗುಣಮಟ್ಟದ ಚಿತ್ರ ಹಿಡಿಯುತ್ತಿದ್ದದ್ದು ಹದಿನಾರು ನಿಮಿಷದಷ್ಟು. ವಾಲಿ ಒಂದು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಕಾರ್ಡು ತುಂಬಿತು! 2006ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ಎವಿಸಿಎಚ್‌ಡಿ ಎಂಬ ಪದ್ಧತಿ ತಂದರು. ಅದೇ ವರ್ಷ 32 ಜಿಬಿವರೆಗೆ ಹೋಗಬಲ್ಲ ಎಸ್‌ಡಿ ಕಾರ್ಡಿನ ಹೊಸ ಮಾನದಂಡ ಬಂತು. ಅಲ್ಲಿಂದ ಟೇಪಿನ ದಿನ ಎಣಿಸುವಂತಾಯಿತು.

ಕಾರ್ಡಿನ ಲಾಭ ಸಣ್ಣದಲ್ಲ. ಒಳಗೆ ಓಡುವ ಭಾಗ ಇಲ್ಲ. ತೇವದ ತಕರಾರು ಇಲ್ಲ, ಮೋಟರಿನ ಸದ್ದಿಲ್ಲ. 32 ಜಿಬಿಯ ಕಾರ್ಡಿನಲ್ಲಿ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ನಾಲ್ಕು ಗಂಟೆಯ ಹತ್ತಿರ ಹೈ ಡೆಫಿನಿಷನ್ ಚಿತ್ರ ಸಿಗುತ್ತದೆ. ಎರಡು ಕಾರ್ಡಿದ್ದರೆ ಚೌಕಿಪೂಜೆಯಿಂದ ಮಂಗಳದವರೆಗೆ ಇಡೀ ಆಟ. ಕೋಡಂಗಿಗೂ ಜಾಗ ಸಿಕ್ಕಿತು. ಟೇಪಿನ ಕಾಲದಲ್ಲಿ ಬಿಟ್ಟುಹೋದ ಪೂರ್ವರಂಗದ ದಾಖಲೆ ಇವತ್ತು ನಮ್ಮಲ್ಲಿದ್ದರೆ ಅದು ಕಾರ್ಡಿನ ಉಪಕಾರ. ಇದನ್ನು ಒಪ್ಪಲೇಬೇಕು.

ಆದರೆ ಎವಿಸಿಎಚ್‌ಡಿ ಅಷ್ಟು ಕಡಿಮೆ ಜಾಗದಲ್ಲಿ ಅಷ್ಟು ದೊಡ್ಡ ಚಿತ್ರ ಹಿಡಿಸುವುದು ಹೇಗೆ? ಒಂದು ಪೂರ್ಣ ಚಿತ್ರ ಇಟ್ಟು, ಮುಂದಿನವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಬರೆದುಕೊಳ್ಳುವುದರಿಂದ. ಕೂತು ಮಾತಾಡುವ ತಾಳಮದ್ದಳೆಗೆ ಇದು ಒಳ್ಳೆಯದೇ. ಅಲ್ಲಿ ಬದಲಾಗುವುದು ಮುಖ, ಕೈ. ಆದರೆ ದಿಗಿಣ ಹಾಕುವ ಪುಂಡುವೇಷಕ್ಕೆ, ಬೆಂಕಿ–ಹೊಗೆಯ ನಡುವಿನ ಬಣ್ಣದ ವೇಷಕ್ಕೆ ಆರಂಭದ ಆ ಕ್ಯಾಮೆರಾಗಳು ಸೋತವು. ಇಡೀ ಚಿತ್ರವೇ ಬದಲಾಗುವಾಗ ಬರೆದುಕೊಳ್ಳಲು ಬಿಟ್‌ಗಳು ಸಾಲದೆ ಚಿತ್ರ ಕಲಸಿಹೋಗುತ್ತದೆ. ಧ್ವನಿಯನ್ನೂ ಹೆಚ್ಚಿನ ಕ್ಯಾಮೆರಾಗಳು ಡಾಲ್ಬಿ ಪದ್ಧತಿಯಲ್ಲಿ ಒತ್ತಿ ಇಡುತ್ತಿದ್ದವು. ಚಿತ್ರ ಹೈ ಡೆಫಿನಿಷನ್ ಆಯಿತು ಎಂದು ನಾವು ಸಂತೋಷಪಡುವಾಗ ಧ್ವನಿ ಟೇಪಿನ ಕಾಲಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದಿತ್ತು. ಮಾತೇ ಸರ್ವಸ್ವವಾದ ಕಲೆಯಲ್ಲಿ ಇದನ್ನು ಒಬ್ಬರೂ ಎತ್ತಿ ಹೇಳಲಿಲ್ಲ. ನಾವೆಲ್ಲ ಚಿತ್ರವನ್ನೇ ನೋಡಿ ಮಾರುಹೋದೆವು.

ಇನ್ನೊಂದು ದೋಷ ಎರಡೂ ಕಾಲಕ್ಕೆ ಸೇರಿದ್ದು. ಕ್ಯಾಮೆರಾಗಳು ಧ್ವನಿಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಪದ್ಯದ ಕೊನೆಗೆ ಚೆಂಡೆ ಬಿದ್ದಾಗ ಮಟ್ಟ ಕೆಳಗಿಳಿಯುತ್ತದೆ, ಮತ್ತೆ ಏರಲು ಒಂದೆರಡು ಸೆಕೆಂಡು ಬೇಕು. ಅರ್ಥಧಾರಿ ಮೆಲ್ಲನೆ ಎತ್ತಿಕೊಳ್ಳುವ ಮೊದಲ ಶಬ್ದ ಆಗ ನುಂಗಿಹೋಗುತ್ತದೆ. ಸಂಬೋಧನೆ ಇರುವುದು ಅಲ್ಲಿಯೇ. ಎದುರಾಳಿಯನ್ನು ‘ರಾಘವಾ’ ಎಂದು ಕರೆದರೋ ‘ದಶರಥನ ಮಗನೇ’ ಎಂದು ಕರೆದರೋ ಎಂಬುದರಲ್ಲಿ ಆ ಇಡೀ ವಾದದ ದಿಕ್ಕು ಇರುತ್ತದೆ.

ಆಮೇಲೆ 2008ರ ನಂತರ ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾಗಳಲ್ಲೇ ವಿಡಿಯೋ ಬಂತು. ಮದುವೆ ಸ್ಟುಡಿಯೋಗಳೆಲ್ಲ ಅದಕ್ಕೆ ಹೊರಳಿದವು. ಹಿನ್ನೆಲೆ ಮಸುಕಾದ ಚಂದದ ಚಿತ್ರ. ಆದರೆ ಕಾರ್ಡಿನ ಕಡತಪದ್ಧತಿಯಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಕ್ಯಾನನ್ 5ಡಿ ಮಾರ್ಕ್ 2ರಂಥ ಕ್ಯಾಮೆರಾ ಹನ್ನೆರಡು ನಿಮಿಷದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಮುಂದೆ ಬಂದ ಹಲವು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತಿದ್ದವು. ಯುರೋಪಿನ ಸುಂಕದ ನಿಯಮದಲ್ಲಿ ಅರ್ಧ ಗಂಟೆ ದಾಟಿದರೆ ಅದು ವಿಡಿಯೋ ಕ್ಯಾಮೆರಾ ಎಂದಾಗಿ ತೆರಿಗೆ ಹೆಚ್ಚಾಗುತ್ತಿತ್ತು, ಅದಕ್ಕೆ. ಮಾರಾಯರೇ, ಯೋಚಿಸಿ ನೋಡಿ: ಯುರೋಪಿನ ಸುಂಕದ ಕಾಯಿದೆಯೊಂದು ಪೆರ್ಲದ ಕಡೆಯ ಚಪ್ಪರದಲ್ಲಿ ಕರ್ಣನ ಮಾತನ್ನು ಅರ್ಧಕ್ಕೆ ನಿಲ್ಲಿಸಿತು! ಟೇಪು ಯಾವಾಗ ಮುಗಿಯುತ್ತದೆ ಎಂದು ಹಳೆಯ ಕ್ಯಾಮೆರಾದವರಿಗೆ ಗೊತ್ತಿತ್ತು, ಅವರು ಪದ್ಯಕ್ಕೆ ಕಾಯುತ್ತಿದ್ದರು. ಇದು ಯಾವಾಗ ನಿಲ್ಲುತ್ತದೆ ಎಂದು ಹೊಸಬರು ನೋಡುತ್ತಲೇ ಇರಲಿಲ್ಲ. ಹಾಗಾಗಿ ಕಾರ್ಡಿನ ಕಾಲದ ಕತ್ತರಿ ಬೀಳುವುದು ಅರ್ಥದ ನಡುವೆ.

4. ಇಬ್ಬರು ವಾಲಿಗಳು

ಈಗ ಆ ಕಥೆ. ನಮ್ಮೂರ ಕಡೆ ಒಬ್ಬ ಹಿರಿಯ ಅರ್ಥಧಾರಿ ಇದ್ದರು. ಹೆಸರು ಬೇಡ, ಮನೆಯವರಿಗೆ ಇಷ್ಟವಾಗಲಾರದು. ವೃತ್ತಿಯಲ್ಲಿ ಕನ್ನಡ ಪಂಡಿತರು, ನನಗೂ ಪಾಠ ಹೇಳಿದವರು. ವಾಲಿ ಅವರ ಹೆಸರಾಂತ ಪಾತ್ರ. 2004ರ ಮಳೆಗಾಲದಲ್ಲಿ ಅವರ ವಾಲಿಯನ್ನು ಒಬ್ಬರು ಮಿನಿ ಡಿವಿಯಲ್ಲಿ ತೆಗೆದಿದ್ದರು. ಆ ಟೇಪು ಅವರ ಮನೆಯ ಕಬ್ಬಿಣದ ಕಪಾಟಿನಲ್ಲಿತ್ತು. 2011ರಲ್ಲಿ ಅವರಿಗೆ ಹುಷಾರಿರಲಿಲ್ಲ, ಆದರೂ ಬಂದು ಕೂತು ವಾಲಿ ಹೇಳಿದರು. ಅದನ್ನು ನಾವು, ಅಂದರೆ ನಾನೂ ನಾಲ್ಕು ಮಂದಿ ಗೆಳೆಯರೂ, ಹೊಸದಾಗಿ ಕೊಂಡ ಕಾರ್ಡಿನ ಕ್ಯಾಮೆರಾದಲ್ಲಿ ಪೂರ್ತಿ ತೆಗೆದೆವು. ಒಂದು ನಿಮಿಷವೂ ಬಿಡಲಿಲ್ಲ. ಬಹಳ ಹೆಮ್ಮೆಯಿತ್ತು.

ಮರುದಿನ ಕಾರ್ಡನ್ನು ಗೆಳೆಯನ ಕಂಪ್ಯೂಟರಿಗೆ ಇಳಿಸಿದೆವು. ಕಾರ್ಡಿನೊಳಗೆ ಹಲವು ಫೋಲ್ಡರುಗಳಿರುತ್ತವೆ. ನಾವು ಅವನ್ನೆಲ್ಲ ಬಿಟ್ಟು ವಿಡಿಯೋ ಕಡತಗಳನ್ನು ಮಾತ್ರ ಎಳೆದು ಒಂದು ಫೋಲ್ಡರಿಗೆ ಹಾಕಿದೆವು. 00000.ಎಂಟಿಎಸ್, 00001.ಎಂಟಿಎಸ್, ಹೀಗೆ ಹೆಸರು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆವು, ಮುಂದಿನ ವಾರ ಒಂದು ಮದುವೆಗೆ ಬೇಕಿತ್ತು. ಮದುವೆಯದ್ದನ್ನೂ ಇಳಿಸುವಾಗ ಅದೇ ಫೋಲ್ಡರು. ಫಾರ್ಮ್ಯಾಟ್ ಆದ ಕಾರ್ಡು ಮತ್ತೆ 00000ದಿಂದಲೇ ಎಣಿಸಿತ್ತು. ಅದೇ ಹೆಸರಿನ ಕಡತ ಇದೆ, ಬದಲಾಯಿಸಬೇಕೇ ಎಂದು ಕಂಪ್ಯೂಟರು ಕೇಳಿತು. ನಮ್ಮಲ್ಲೇ ಒಬ್ಬರು ಹೌದು ಎಂದು ಒತ್ತಿದರು. ಯಾರೆಂದು ಇವತ್ತಿಗೂ ನಾವು ಮಾತಾಡಿಕೊಂಡಿಲ್ಲ. ನಾನೇ ಇರಬಹುದು.

ಮೂರು ತಿಂಗಳಿಗೆ ಪಂಡಿತರು ತೀರಿಕೊಂಡರು. ಅವರ ಮಗ ಬಂದು, “ಅಪ್ಪನ ಕೊನೆಯ ವಾಲಿ ನಿಮ್ಮ ಹತ್ತಿರ ಉಂಟಲ್ಲ?” ಎಂದು ಕೇಳಿದಾಗಲೇ ನಾವು ಹುಡುಕಿದ್ದು. ಫಾರ್ಮ್ಯಾಟ್ ಆದ ಕಾರ್ಡಿನಿಂದ ಮಾಹಿತಿ ತೆಗೆಯಲು ಸಾಧ್ಯವಿದೆ. ಫಾರ್ಮ್ಯಾಟ್ ಎಂದರೆ ಹೆಚ್ಚಾಗಿ ಪರಿವಿಡಿಯ ಪುಟ ಹರಿಯುವುದು ಅಷ್ಟೇ, ಒಳಗಿನ ಪುಟಗಳು ಮೇಲೆ ಬೇರೆ ಬರೆಯುವವರೆಗೆ ಇರುತ್ತವೆ. ಆದರೆ ಅಷ್ಟರಲ್ಲಿ ಅದರ ಮೇಲೆ ಆರೇಳು ಮದುವೆ ಆಗಿತ್ತು.

ಈಗ ನನ್ನ ವಿಮರ್ಶೆಯ ಕಷ್ಟ ಕೇಳಿ. 2004ರ ಟೇಪು ಸಿಕ್ಕಿತು. ಎಲ್‌ಪಿ ವೇಗದಲ್ಲಿ ತೆಗೆದದ್ದು. ಮೂರು ಕ್ಯಾಮೆರಾಗಳಲ್ಲಿ ಹಾಕಿ ನೋಡಿ, ನಾಲ್ಕನೆಯದರಲ್ಲಿ ಸುಮಾರಾಗಿ ಓಡಿತು. ಅಲ್ಲಿ ವಾಲಿ ವಕೀಲನ ಹಾಗೆ ವಾದಿಸುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಒಂದೊಂದೇ ಅಂಶ ಎತ್ತಿ, ರಾಮನ ಅರ್ಥಧಾರಿಗೆ ಉಸಿರಾಡಲು ಬಿಡದೆ ಕೇಳುತ್ತಾನೆ. 2011ರಲ್ಲಿ ನಾನು ಎದುರು ಕೂತು ಕೇಳಿದ ವಾಲಿ ಹಾಗಿರಲಿಲ್ಲ. ಅಂಶಗಳನ್ನೆಲ್ಲ ಬಿಟ್ಟುಬಿಟ್ಟಿದ್ದರು. ಬಹಳ ಹೊತ್ತು ಸುಮ್ಮನಿದ್ದು, ಒಂದೇ ಪ್ರಶ್ನೆ ಕೇಳಿದರು. ಅದು ನ್ಯಾಯದ ಪ್ರಶ್ನೆ ಆಗಿರಲಿಲ್ಲ, ತಮ್ಮನನ್ನು ಕುರಿತದ್ದು. ಸಭೆ ತಣ್ಣಗಾಯಿತು. ವಾದಿಸುವ ವಾಲಿಯಿಂದ ಕೇಳುವ ವಾಲಿಗೆ ಬಂದ ಆ ಬದಲಾವಣೆಯೇ ಆ ಅರ್ಥಧಾರಿಯ ಜೀವಮಾನದ ಸಾಧನೆ ಎಂದು ನನಗೆ ಅನಿಸುತ್ತದೆ. ಆದರೆ ಇದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ. ಆ ಪ್ರಶ್ನೆಯ ಮಾತುಗಳು ಶಬ್ದಶಃ ನನಗೆ ನೆನಪಿಲ್ಲ. ಅಲ್ಲಿ ಇದ್ದ ಮೂವರನ್ನು ಕೇಳಿದೆ, ಮೂವರೂ ಮೂರು ರೀತಿ ಹೇಳಿದರು. ಒಡೆದು ಒಡೆದು ಓಡುವ ಟೇಪಿನ ವಾಲಿಯನ್ನು ನಾನು ಉಲ್ಲೇಖಿಸಬಲ್ಲೆ. ಸ್ವಚ್ಛವಾಗಿ, ಪೂರ್ತಿಯಾಗಿ ತೆಗೆದ ಕಾರ್ಡಿನ ವಾಲಿ ನನ್ನ ಬಾಯಿಮಾತು ಮಾತ್ರ.

ಇದು ನಮ್ಮ ಅಜಾಗರೂಕತೆ, ಕಾರ್ಡಿನ ತಪ್ಪಲ್ಲ ಎಂದು ಹೇಳಬಹುದು. ನಿಜ. ಆದರೆ ಒಂದು ಸಾಧನ ಯಾವ ಅಭ್ಯಾಸವನ್ನು ಕಲಿಸುತ್ತದೆ ಎಂಬುದೂ ವಿಮರ್ಶೆಗೆ ಸೇರಿದ್ದು. ಟೇಪಿನಲ್ಲಿ ತೆಗೆಯುವ ವಸ್ತುವೂ ಇಡುವ ವಸ್ತುವೂ ಒಂದೇ ಆಗಿತ್ತು. ತೆಗೆದ ಕೂಡಲೇ ಅದು ದಾಖಲೆ. ಬೆನ್ನಿಗೆ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರೆ ಆಯಿತು. ಏನೂ ಮಾಡದಿದ್ದರೂ ಅದು ಅಲ್ಲಿಯೇ ಇರುತ್ತಿತ್ತು. ಕಾರ್ಡು ಬರೀ ಹೊರುವ ಬುಟ್ಟಿ. ಖಾಲಿ ಮಾಡುವುದಕ್ಕೆಂದೇ ಇರುವುದು. ಅಲ್ಲಿ ಏನೂ ಮಾಡದಿದ್ದರೆ ದಾಖಲೆ ಉಳಿಯುವುದಿಲ್ಲ. ಮಿನಿ ಡಿವಿಯ ಬೆನ್ನಿನಲ್ಲಿ ‘ರೆಕ್’, ‘ಸೇವ್’ ಎಂದು ಸರಿಸುವ ಒಂದು ಸಣ್ಣ ಗುಂಡಿ ಇದೆ. ‘ಸೇವ್’ ಕಡೆಗೆ ಸರಿಸಿದರೆ ಅದರ ಮೇಲೆ ಮತ್ತೆ ತೆಗೆಯಲಾಗದು. ಎಸ್‌ಡಿ ಕಾರ್ಡಿನ ಬದಿಯಲ್ಲೂ ಅಂಥದೇ ಒಂದು ಗುಂಡಿ ಇದೆ. ಅದನ್ನು ಸರಿಸಿಟ್ಟ ಒಬ್ಬರನ್ನೂ ನಾನು ನೋಡಿಲ್ಲ.

ಟೇಪನ್ನೂ ಮತ್ತೆ ಮತ್ತೆ ಬಳಸಿದವರಿದ್ದಾರೆ, ಅದನ್ನೂ ಹೇಳಬೇಕು. ಮದುವೆಯ ಡಿವಿಡಿ ಕೊಟ್ಟ ಮೇಲೆ ಅದೇ ಟೇಪಿನ ಮೇಲೆ ಮುಂದಿನ ಮದುವೆ ತೆಗೆಯುವುದು ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿತ್ತು. ಉಳಿದದ್ದು ಹರಕೆಯ ಆಟದವರು, ಸಂಘದವರು ತಾವೇ ಕೊಂಡ ಕ್ಯಾಸೆಟ್ಟುಗಳು. ಅಂದರೆ ಟೇಪು ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಅದರ ಆಯುಷ್ಯ ನಿಂತಿತ್ತು. ಕಾರ್ಡು ಯಾವಾಗಲೂ ಕ್ಯಾಮೆರಾದವರ ಕೈಯಲ್ಲೇ. ಆಟ ಆಡಿಸಿದವರ ಮನೆಗೆ ಅದು ಬರಲೇ ಇಲ್ಲ.

5. ಈಗ ಏನು

ಕಪಾಟಿನಲ್ಲಿರುವ ಟೇಪು ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಟೇಪಿಗೆ ಬೂಸ್ಟು ಹಿಡಿಯುತ್ತದೆ, ಲೋಹದ ಪದರ ಕೆಡುತ್ತದೆ. ಅದಕ್ಕಿಂತ ಮೊದಲು ಟೇಪು ಓಡಿಸುವ ಯಂತ್ರಗಳೇ ಮುಗಿಯುತ್ತಿವೆ. 2019ರಲ್ಲಿ ಯುನೆಸ್ಕೋದ ಕಾರ್ಯಕ್ರಮವೊಂದು ಐಎಎಸ್‌ಎ ಎಂಬ ಧ್ವನಿ–ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ, 2025ರ ಆಸುಪಾಸಿಗೆ ಟೇಪುಗಳನ್ನು ಓಡಿಸುವುದೇ ಕಷ್ಟವಾಗಲಿದೆ ಎಂದು ಎಚ್ಚರಿಸಿತ್ತು. ಆ ವರ್ಷವೂ ಬಂದಾಯಿತು.

ಮಾಡಬೇಕಾದದ್ದು ಇಷ್ಟು. ಓಡುವ ಕ್ಯಾಮೆರಾ ಯಾರ ಮನೆಯಲ್ಲಿದ್ದರೂ ಗುಜರಿಗೆ ಹಾಕಬೇಡಿ. ಟೇಪನ್ನು ಕಂಪ್ಯೂಟರಿಗೆ ಇಳಿಸುವುದು ಫೈರ್‌ವೈರ್ ತಂತಿಯಿಂದಲೇ ಆಗಬೇಕು. ಆಗ ಟೇಪಿನಲ್ಲಿರುವ ಅಂಕಿಗಳು ಹಾಗೆಯೇ ಬರುತ್ತವೆ. ಕ್ಯಾಮೆರಾದ ಗಡಿಯಾರ ಸರಿ ಇದ್ದಿದ್ದರೆ ತೆಗೆದ ದಿನ, ಗಂಟೆಯೂ ಜೊತೆಗೆ ಬರುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಬೇಕು, ಅವಸರ ನಡೆಯದು. ಜಾಗ ಉಳಿಸಲು ಅದನ್ನು ಒತ್ತಿ ಸಣ್ಣದು ಮಾಡಿ ಮೂಲವನ್ನು ಅಳಿಸಬೇಡಿ. ಡಿವಿಡಿ ಇದೆಯಲ್ಲ ಎಂದು ಟೇಪು ಬಿಸಾಡಬೇಡಿ, ಡಿವಿಡಿ ಒತ್ತಿ ಮಾಡಿದ ಪ್ರತಿ. ಕಾರ್ಡಿನದ್ದಾದರೆ ಒಳಗಿನ ಫೋಲ್ಡರುಗಳ ಸಮೇತ ಇಡಿಯಾಗಿ ಇಳಿಸಿ, ಪ್ರತಿ ಕಾರ್ಯಕ್ರಮಕ್ಕೂ ಊರು, ದಿನಾಂಕ, ಪ್ರಸಂಗದ ಹೆಸರಿರುವ ಬೇರೆ ಫೋಲ್ಡರು ಮಾಡಿ. ಎರಡು ಹಾರ್ಡ್‌ಡಿಸ್ಕು, ಎರಡು ಮನೆ. ಎರಡನೆಯ ಪ್ರತಿಯನ್ನು ನೋಡಿ ಪರೀಕ್ಷಿಸುವವರೆಗೆ ಕಾರ್ಡು ಖಾಲಿ ಮಾಡಬೇಡಿ.

ಸಂಶೋಧಕರಿಗೆ ಒಂದು ವಿನಂತಿ. ವಿಡಿಯೋವನ್ನು ಆಧಾರವಾಗಿ ಹೇಳುವಾಗ ಅದು ಯಾವುದರ ಮೇಲೆ ತೆಗೆದದ್ದು, ಎಲ್ಲಿ ಕತ್ತರಿಸಿದೆ, ಮೈಕು ಎಲ್ಲಿತ್ತು ಎಂದು ಎರಡು ಸಾಲು ಬರೆಯಿರಿ. ಓದುಗರಿಗೆ ಅಷ್ಟು ಗೊತ್ತಾದರೆ ಮೌನ ಅರ್ಥಧಾರಿಯದ್ದೋ ಕ್ಯಾಮೆರಾದ್ದೋ ಎಂದು ತಿಳಿಯುತ್ತದೆ.

ಪ್ರಶ್ನೋತ್ತರ

ಸೊಲ್ಲಾಪುರದಿಂದ ಒಬ್ಬರು: ಸರ್, ನಮ್ಮ ಕಡಿ ಭಜನಿ ಮಂದಿ ಎಲ್ಲಾ ಪೆನ್‌ಡ್ರೈವ್‌ನಾಗ ಹಾಕಿ ಇಟ್ಟಾರ್ರೀ. ಅದು ಎಷ್ಟ ವರ್ಷ ಬಾಳಿಕಿ ಬರತದ?

ಉತ್ತರ: ಪೆನ್‌ಡ್ರೈವೂ ಕಾರ್ಡಿನ ಜಾತಿಯದ್ದೇ. ಅದರಲ್ಲಿ ಮಾಹಿತಿ ಇರುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶವಾಗಿ. ಕರೆಂಟಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದು ನಿಧಾನ ಸೋರುತ್ತದೆ. ಬಹಳ ಸಲ ಅಳಿಸಿ ಬರೆದದ್ದಾದರೆ, ಬಿಸಿಯಲ್ಲಿಟ್ಟರೆ, ಇನ್ನೂ ಬೇಗ. ನಿಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಇಷ್ಟು ವರ್ಷ ಎಂದು ಹೇಳಿ ನಿಮಗೆ ಸುಳ್ಳು ಧೈರ್ಯ ಕೊಡಲಾರೆ. ಊರಿಂದೂರಿಗೆ ಒಯ್ಯಲು ಪೆನ್‌ಡ್ರೈವ್ ಒಳ್ಳೆಯದು, ಇಡಲು ಅಲ್ಲ. ಒಂದು ತಮಾಷೆ ಹೇಳಲೇ? ದೊಡ್ಡ ದೊಡ್ಡ ಸಂಗ್ರಹಾಲಯಗಳು, ಕಂಪನಿಗಳು ಬಹಳ ಕಾಲ ಇಡಬೇಕಾದದ್ದನ್ನು ಈಗಲೂ ಟೇಪಿನಲ್ಲೇ ಇಡುತ್ತವೆ. ಎಲ್‌ಟಿಒ ಎಂಬ ಕಂಪ್ಯೂಟರು ಟೇಪು. 2021ರಲ್ಲಿ ಬಂದ ಅದರ ಒಂಬತ್ತನೆಯ ಪೀಳಿಗೆಯ ಒಂದು ಕ್ಯಾಸೆಟ್ಟಿನಲ್ಲಿ 18 ಸಾವಿರ ಜಿಬಿ ಹಿಡಿಯುತ್ತದೆ. ಟೇಪು ಹೋದದ್ದು ಕ್ಯಾಮೆರಾದಿಂದ, ಕಪಾಟಿನಿಂದ ಅಲ್ಲ. ಆದರೆ ಅದನ್ನು ಓಡಿಸುವ ಯಂತ್ರ ನಮ್ಮಂಥ ಸಂಘಗಳ ಕೈಗೆ ಎಟುಕುವುದಿಲ್ಲ.

ಹೊಸೂರಿನ ಒಬ್ಬ ಶಿಕ್ಷಕಿ: ಯೂಟ್ಯೂಬಿಗೆ ಹಾಕಿದರೆ ಸಾಕಾಗುವುದಿಲ್ಲವೇ? ಎಲ್ಲರೂ ನೋಡಬಹುದಲ್ಲ.

ಉತ್ತರ: ನೋಡಲು ಸಾಕು, ಹಾಕಿ. ನಮ್ಮ ಮಕ್ಕಳು ಅರ್ಥ ಕೇಳುತ್ತಿರುವುದೇ ಅಲ್ಲಿ. ಆದರೆ ಅಲ್ಲಿಗೆ ಹಾಕಿದ್ದನ್ನು ಅವರು ಮತ್ತೊಮ್ಮೆ ಒತ್ತುತ್ತಾರೆ. ಖಾತೆ ಮುಚ್ಚಿದರೆ ಅದೂ ಇಲ್ಲ. ಅದು ಪ್ರದರ್ಶನದ ಪ್ರತಿ. ಮೂಲ ನಿಮ್ಮ ಕೈಯಲ್ಲೇ ಇರಲಿ.

ಮಂಜೇಶ್ವರದ ಒಬ್ಬ ವಿದ್ಯಾರ್ಥಿ: ಕೇಳಿದ್ರೆ ನೀವು ಟೇಪಿನ ಪರ ಮಾತಾಡ್ತಾ ಇದ್ದೀರಿ ಅಂತ ಅನಿಸ್ತದೆ. ಈಗ ನಾವೆಲ್ಲ ಮೊಬೈಲಲ್ಲೇ ತೆಗೆಯುವುದು. ಮತ್ತೆ ಟೇಪಿಗೆ ಹೋಗಲಿಕ್ಕೆ ಆಗ್ತದಾ?

ಉತ್ತರ: ಇಲ್ಲ, ಹೋಗಲಿಕ್ಕೆ ಆಗುವುದಿಲ್ಲ, ಹೋಗಬೇಕಾದ್ದೂ ಇಲ್ಲ. ಮಳೆಗಾಲದ ತಾಳಮದ್ದಳೆಗೆ ಕಾರ್ಡೇ ಸರಿ. ನೀವು ಮೊಬೈಲಲ್ಲಿ ತೆಗೆಯುವಾಗ ಒಂದು ಮೈಕನ್ನು ಅರ್ಥಧಾರಿಯ ಹತ್ತಿರ ಇಡಿ, ಅಷ್ಟು ಮಾಡಿದರೆ ನಮ್ಮ ಕಾಲದ ಕ್ಯಾಮೆರಾಕ್ಕಿಂತ ಒಳ್ಳೆಯ ದಾಖಲೆ ಆಗ್ತದೆ. ನಾನು ಹೇಳಿದ್ದು ಇಷ್ಟೇ. ಟೇಪಿನ ಕಾಲದಲ್ಲಿ ಇಡುವ ಕೆಲಸವನ್ನು ವಸ್ತುವೇ ಮಾಡುತ್ತಿತ್ತು, ಈಗ ಅದನ್ನು ನೀವು ಮಾಡಬೇಕು. ಕರ್ನಾಟಕದ ಪಟ್ಟಿಯಲ್ಲಿ ನಾವು ಹೊರಗಿನವರು, ಕೇರಳದ ಪಟ್ಟಿಯಲ್ಲಿ ನಮ್ಮದು ಬೇರೆ ಭಾಷೆ. ನಮ್ಮ ಕಪಾಟಿನ ಕಾಳಜಿಗೆ ಬೇರೆ ಯಾರೋ ಬರುತ್ತಾರೆ ಎಂದು ಕಾಯುವ ಹಾಗಿಲ್ಲ. ಈ ಮಳೆಗಾಲದಲ್ಲಿ ನೀವು ಎಂತ ತೆಗೆದಿದ್ದೀರಿ?

ವಿದ್ಯಾರ್ಥಿ: ನಮ್ಮ ಊರಿನ ದೇವಸ್ಥಾನದಲ್ಲಿ ಕರ್ಣಪರ್ವ ಆಗಿತ್ತು, ಅದು ಉಂಟು. ಮೊಬೈಲಲ್ಲೇ ಉಂಟು.

ಉತ್ತರ: ಮೊಬೈಲಲ್ಲಿ ಮಾತ್ರವೋ? ಹಾಗಾದರೆ ಈ ಗೋಷ್ಠಿ ಮುಗಿದ ಕೂಡಲೇ ಒಂದು ಪ್ರತಿ ಮಾಡಿ. ನಾಳೆ ಬೇಡ, ಇವತ್ತೇ.